ಟೆಸ್ಟ್ ಕಿಟ್‌ನಲ್ಲಿ ಬಣ್ಣ ಬರಲಿಲ್ಲ ಅಂತ ಪೂಲ್‌ಗೆ ಮತ್ತೆ ಕ್ಲೋರಿನ್ ಸುರಿಯಬೇಡಿ

ಮನೆಯಲ್ಲೋ ತೋಟದಲ್ಲೋ ಸಣ್ಣ ಸ್ವಿಮ್ಮಿಂಗ್ ಪೂಲ್ ಇರುವವರು ಇದನ್ನು ಪೂರ್ತಿ ಓದಿ. ಟೆಸ್ಟ್ ಕಿಟ್‌ನ ಟ್ಯೂಬಿನಲ್ಲಿ ಬಣ್ಣ ಬರದಿದ್ದರೆ ನೀರಿನಲ್ಲಿ ಕ್ಲೋರಿನ್ ಇಲ್ಲ ಅಂತಲೇ ಎಲ್ಲರೂ ತಿಳಿಯುತ್ತಾರೆ. ಆದರೆ ಕ್ಲೋರಿನ್ ಮಿತಿಮೀರಿ ಇದ್ದಾಗಲೂ ಬಣ್ಣ ಬರುವುದಿಲ್ಲ. ಪೂಲ್ ಕಟ್ಟಿಕೊಟ್ಟವರು ಈ ಮಾತು ಹೇಳಲಿಲ್ಲ. ಕಿಟ್‌ನ ಡಬ್ಬಿ ಮೇಲೂ ಬರೆದಿರಲಿಲ್ಲ. ಬೇಸಿಗೆ ರಜೆಯಲ್ಲಿ ಇದರಿಂದ ಕಷ್ಟಪಟ್ಟವರು ನಮ್ಮ ಮನೆಯ ಮಕ್ಕಳು.

ನಮ್ಮದು ಗಂಗಾವತಿ. ಈಚೆಗೆ ಇಲ್ಲಿ ತೋಟದ ಮನೆ ಕಟ್ಟುವವರು ಜೊತೆಗೊಂದು ಪೂಲನ್ನೂ ಕಟ್ಟಿಸುತ್ತಾರೆ. ಆನೆಗೊಂದಿ, ಸಾಣಾಪುರದ ಕಡೆ ಹೋಂಸ್ಟೇಗಳಲ್ಲೂ ಅದೇ ಕಥೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಲ್ಲಿ ಇದನ್ನು ಬರೀ ಶೋಕಿ ಅಂತ ಬೈಯೋಕೂ ಆಗಲ್ಲ. ನಮ್ಮ ಪೂಲ್ 6 ಮೀಟರ್ ಉದ್ದ, 3 ಮೀಟರ್ ಅಗಲ, ನೀರು 1.2 ಮೀಟರ್ ಆಳ. ಗುಣಿಸಿದರೆ 21,600 ಲೀಟರ್. ಈ ಸಂಖ್ಯೆ ನೆನಪಿಡಿ, ಮುಂದೆ ಬೇಕಾಗುತ್ತದೆ.

ಪೂಲ್ ಕಟ್ಟಿದವರೇ ತಿಂಗಳ ಗುತ್ತಿಗೆ ಮೇಲೆ ಒಬ್ಬ ಹುಡುಗನನ್ನು ಕಳಿಸುತ್ತಿದ್ದರು. ಕಿಟ್ ಕೂಡ ಅವರದೇ, ಪೂಲ್ ಜೊತೆ ಫ್ರೀ. ಅದರಲ್ಲಿ ಎರಡು ಟ್ಯೂಬು, ಎರಡು ಥರದ ಮಾತ್ರೆ. ಡಿಪಿಡಿ ಮಾತ್ರೆ ಹಾಕಿದರೆ ಕ್ಲೋರಿನ್‌ಗೆ ತಕ್ಕಂತೆ ನೀರು ಗುಲಾಬಿ ಆಗಬೇಕು. ಫಿನಾಲ್ ರೆಡ್ ಮಾತ್ರೆ ಹಾಕಿದರೆ ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅಂತ ಹೇಳುವ ಪಿಎಚ್‌ಗೆ ತಕ್ಕಂತೆ ಹಳದಿಯಿಂದ ಕೆಂಪಿನವರೆಗೆ ಬಣ್ಣ ಬರಬೇಕು. ಕ್ಲೋರಿನ್ 1ರಿಂದ 3 ಪಿಪಿಎಂ (ಹತ್ತು ಲಕ್ಷ ಪಾಲು ನೀರಿಗೆ ಅಷ್ಟು ಪಾಲು), ಪಿಎಚ್ 7.2ರಿಂದ 7.8 ಇದ್ದರೆ ಸಾಕು, ಇಳಿಯಬಹುದು ಅಂತ ಹೇಳಿಕೊಟ್ಟಿದ್ದರು. ಅಷ್ಟು ಸರಿಯೇ.

ರಜೆಗೆ ಅಕ್ಕನ ಮಕ್ಕಳು, ಕಾಕಾನ ಮೊಮ್ಮಕ್ಕಳು ಎಲ್ಲ ಬಂದಿದ್ದರು. ನೀರು ಸ್ವಲ್ಪ ಮಂಕಾಗಿತ್ತು. ಹುಡುಗ ಸಂಜೆ ಬಂದು ಡಬ್ಬದಿಂದ ಒಂದು ಮಗ್ ಕ್ಲೋರಿನ್ ಹರಳು ಹಾಕಿ ಹೋದ. ಬೆಳಗ್ಗೆ ಟೆಸ್ಟ್ ಮಾಡಿದರೆ ಟ್ಯೂಬಿನಲ್ಲಿ ಬಣ್ಣವೇ ಇಲ್ಲ, ಬರೀ ನೀರು.

"ಅಣ್ಣಾರ, ಬಣ್ಣಾನ ಬರವಲ್ದು. ಹುಡುಗ್ರು ಜಾಸ್ತಿ ಇಳದಾರಲ್ರೀ, ಕ್ಲೋರಿನ್ ಎಲ್ಲಾ ಖಾಲಿ ಆಗೈತಿ," ಅಂದ. ಮತ್ತೊಂದು ಮಗ್ ಹಾಕಿದ. ಪಿಎಚ್ ಟ್ಯೂಬು ನೋಡಿದರೆ ನೇರಳೆ ಬಣ್ಣ. ಚಾರ್ಟಿನಲ್ಲಿ ಆ ಬಣ್ಣವೇ ಇಲ್ಲ, ಕೆಂಪಿಗೇ ಮುಗಿಯುತ್ತದೆ. ಕೆಂಪು ದಾಟಿದೆ ಅಂದರೆ ಪಿಎಚ್ ತುಂಬಾ ಏರಿದೆ ಅಂತ ಲೆಕ್ಕ ಹಾಕಿ ಆಸಿಡ್ ಕೂಡ ಬಿಟ್ಟ.

ಮಧ್ಯಾಹ್ನ ಮಕ್ಕಳು ನೀರಿಗಿಳಿದರು. ಸ್ವಲ್ಪ ಹೊತ್ತಿಗೇ ಕಣ್ಣು ಉರಿ ಅಂತ ಒಬ್ಬೊಬ್ಬರೇ ಮೇಲೆ ಬಂದರು. ಚಿಕ್ಕವನಿಗೆ ಕೆಮ್ಮು ನಿಲ್ಲಲೇ ಇಲ್ಲ. ಅಕ್ಕನ ಮಗಳು ಹಾಕಿಕೊಂಡಿದ್ದ ಕಡುನೀಲಿ ಟೀ ಶರ್ಟ್ ಹಿಂಡಿ ಒಣಗಿಸಿದರೆ ಮಾಸಲು ಬಣ್ಣಕ್ಕೆ ತಿರುಗಿತ್ತು. ಕುಡಿಯೋ ನೀರಲ್ಲಿ ಎಲ್ಲರ ಕಣ್ಣು ತೊಳೆಸಿ, ಸ್ನಾನ ಮಾಡಿಸಿ, ಚಿಕ್ಕವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ದೇವರ ದಯೆ, ಮರುದಿನಕ್ಕೆ ಎಲ್ಲರೂ ಸರಿಹೋದರು.

ಗುಟ್ಟು ಕಂಡುಹಿಡಿದವರು ಕಾಕಾ. ಕಾಲೇಜಿನ ಕೆಮಿಸ್ಟ್ರಿ ಲ್ಯಾಬ್ ನೋಡಿಕೊಂಡು ರಿಟೈರ್ ಆದವರು. ಟೀ ಶರ್ಟ್ ನೋಡಿದ್ದೇ ತಡ, "ಇದು ಕ್ಲೋರಿನ್ ಇಲ್ಲದ ನೀರಲ್ಲ. ಕಿಟ್ ತಾ ಇಲ್ಲಿ" ಅಂದರು. ಮಾತ್ರೆ ಹಾಕಿ ಪುಡಿ ಮಾಡುವಾಗ ಟ್ಯೂಬಿನಿಂದ ಕಣ್ಣು ಕೀಳದೆ ನೋಡಿ ಅಂದರು. ನೋಡಿದರೆ ಮಾತ್ರೆಯ ಸುತ್ತ ಒಂದು ಕ್ಷಣ ಗುಲಾಬಿ ಬಂತು, ಹೋಯಿತು. ಆಮೇಲೆ ಬಣ್ಣವಿಲ್ಲದ ನೀರು. ಆ ಒಂದು ಕ್ಷಣವನ್ನು ಹುಡುಗ ನೋಡಿರಲಿಲ್ಲ. ನೋಡಬೇಕು ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲೂ ಇಲ್ಲ.

ಆಮೇಲೆ ಕಾಕಾ ಮೆಡಿಕಲ್ ಶಾಪಿನಿಂದ 10 ಎಂಎಲ್ ಸಿರಿಂಜ್ ತರಿಸಿದರು. ಪೂಲ್ ನೀರು 1 ಎಂಎಲ್, ಮನೆಯ ಆರ್‌ಒ ನೀರು 9 ಎಂಎಲ್ ಸೇರಿಸಿ ಮತ್ತೆ ಟೆಸ್ಟ್ ಮಾಡಿದರು. ಈ ಸಲ ಒಳ್ಳೇ ಗಾಢ ಗುಲಾಬಿ, ಚಾರ್ಟಿನಲ್ಲಿ ಎರಡೂವರೆ ಹತ್ತಿರ. ಹತ್ತು ಪಟ್ಟು ತೆಳು ಮಾಡಿದ ನೀರದು. ಅಂದರೆ ಪೂಲ್‌ನಲ್ಲಿ ಇದ್ದದ್ದು ಸುಮಾರು 25 ಪಿಪಿಎಂ!

ಹೀಗಾಗೋದು ಯಾಕೆ ಅಂದರೆ, ಸ್ವಲ್ಪ ಕ್ಲೋರಿನ್ ತಾಗಿದರೆ ಡಿಪಿಡಿ ಗುಲಾಬಿ ಆಗುತ್ತದೆ. 10 ಪಿಪಿಎಂ ದಾಟಿದ ಮೇಲೆ ಅದೇ ಕ್ಲೋರಿನ್ ಆ ಗುಲಾಬಿಯನ್ನೂ ಬಿಡದೆ ಬಿಳುಚಿಸಿಬಿಡುತ್ತದೆ, ಟೀ ಶರ್ಟಿನ ಬಣ್ಣ ತೆಗೆದ ಹಾಗೆಯೇ. ಫಿನಾಲ್ ರೆಡ್ ಕೂಡ ಅಷ್ಟು ಕ್ಲೋರಿನ್‌ಗೆ ಸಿಕ್ಕಿದರೆ ಬೇರೆಯೇ ಒಂದು ಬಣ್ಣದ ವಸ್ತುವಾಗಿ ನೇರಳೆ ತೋರಿಸುತ್ತದೆ. ಆ ನೇರಳೆಗೂ ಪಿಎಚ್‌ಗೂ ಸಂಬಂಧವಿಲ್ಲ. ಒಂದೇ ನೀರು, ಎರಡೂ ಟ್ಯೂಬು ಸುಳ್ಳು. ಅದನ್ನು ನಂಬಿ ಒಂದು ಕಡೆ ಕ್ಲೋರಿನ್, ಇನ್ನೊಂದು ಕಡೆ ಆಸಿಡ್ ಹಾಕಿದ್ದಾಯಿತು. ಇವೆರಡೂ ಬಕೆಟ್ಟಿನಲ್ಲೋ ಮಗ್ಗಿನಲ್ಲೋ ಒಟ್ಟಿಗೆ ಸೇರಿದ್ದರೆ ವಿಷದ ಕ್ಲೋರಿನ್ ಗ್ಯಾಸೇ ಏಳುತ್ತಿತ್ತು. ಅದನ್ನು ನೆನೆಸಿಕೊಂಡರೆ ಈಗಲೂ ಮೈ ನಡುಗುತ್ತದೆ.

ಕಂಪನಿಗೆ ಫೋನ್ ಮಾಡಿದರೆ ಮೊದಲು "ಮಕ್ಕಳದು ಸೆನ್ಸಿಟಿವ್ ಸ್ಕಿನ್ ಇರಬೇಕು" ಅಂದರು. ಮಾತ್ರೆ ಪಟ್ಟಿಯ ಹಿಂದೆ ಎಕ್ಸ್‌ಪೈರಿ ಡೇಟ್ ದಾಟಿದ್ದನ್ನು ತೋರಿಸಿದಾಗ "ಕಿಟ್ ಫ್ರೀ ಕೊಟ್ಟಿದ್ದು ಸರ್, ಅದಕ್ಕೆ ಗ್ಯಾರಂಟಿ ಬರಲ್ಲ" ಅಂದರು. ಫ್ರೀ ಕೊಟ್ಟ ಕಿಟ್ ನೋಡಿಯೇ ಅಲ್ವಾ ದುಡ್ಡು ತಗೊಂಡು ಕೆಲಸ ಮಾಡ್ತಿದ್ದದ್ದು? ಗುತ್ತಿಗೆ ಬಿಡಿಸಿದೆವು. ಹುಡುಗನ ಮೇಲೆ ನಮಗೆ ಸಿಟ್ಟಿಲ್ಲ. ಅವನ ಕೈಗೆ ಮಗ್ ಕೊಟ್ಟು ತಕ್ಕಡಿ ಕೊಡದವರ ಮೇಲೆ ಇದೆ.

ತಕ್ಕಡಿ ಲೆಕ್ಕ ಬಹಳ ಸುಲಭ. 1,000 ಲೀಟರಿಗೆ 1 ಗ್ರಾಂ ಕ್ಲೋರಿನ್ ಅಂದರೆ 1 ಪಿಪಿಎಂ. ನಮ್ಮ 21,600 ಲೀಟರಿಗೆ 1 ಪಿಪಿಎಂ ಏರಿಸಲು 21.6 ಗ್ರಾಂ ಬೇಕು. ಪೂಲ್‌ಗೆ ಹಾಕುವ ಹರಳಿನಲ್ಲಿ ಕ್ಲೋರಿನ್ ಬಲ ಸಾಮಾನ್ಯವಾಗಿ ನೂರಕ್ಕೆ 65ರಿಂದ 70. ಹಾಗಾಗಿ ಸುಮಾರು 33 ಗ್ರಾಂ ಹರಳು ಸಾಕು. ಮಗ್ಗಿನ ಅಳತೆಯಲ್ಲಿ ಅರ್ಧ ಕೆಜಿ ಬಿದ್ದರೆ ಒಂದೇ ಏಟಿಗೆ 15 ಪಿಪಿಎಂ. ಅದಕ್ಕೇ ನಾನು ಹೇಳುವ ಮೊದಲ ಸಾಮಾನು ಕಿಟ್ ಅಲ್ಲ, ಅಡುಗೆಮನೆಯಲ್ಲಿ ಬಳಸುವಂಥ ಡಿಜಿಟಲ್ ತಕ್ಕಡಿ. ಪೂಲ್‌ಗೇ ಅಂತ ಬೇರೆ ಇಟ್ಟುಕೊಳ್ಳಿ. ಎರಡನೆಯದು ಆ ಸಿರಿಂಜ್. ಬಣ್ಣ ಬರಲಿಲ್ಲ ಅಂದರೆ ಕ್ಲೋರಿನ್ ಡಬ್ಬ ಮುಟ್ಟುವ ಮೊದಲು ಹತ್ತು ಪಟ್ಟು ತೆಳು ಮಾಡಿ ಮತ್ತೆ ನೋಡಿ. ತೆಳು ಮಾಡಲು ನಲ್ಲಿ ನೀರು ಬೇಡ, ಅದರಲ್ಲೂ ಕ್ಲೋರಿನ್ ಇರಬಹುದು.

ಇನ್ನು ಕಿಟ್ ವಿಷಯ. ಎಲ್ಲಕ್ಕಿಂತ ಅಗ್ಗಕ್ಕೆ ಸಿಗೋದು ನೀರು ಹಳದಿ ಆಗುವ ಕಿಟ್. ಅದರಲ್ಲಿರುವುದು ಆರ್ಥೋಟಾಲಿಡಿನ್ ದ್ರಾವಣ. ಪಂಚಾಯ್ತಿಯವರು ಕುಡಿಯುವ ನೀರು ನೋಡಲು ಬಳಸುವ ಕ್ಲೋರೋಸ್ಕೋಪ್ ಕೂಡ ಸಾಮಾನ್ಯವಾಗಿ ಇದೇ ಜಾತಿ. ಕುಡಿಯುವ ನೀರಿನಲ್ಲಿ 0.2 ಪಿಪಿಎಂ ಉಳಿದಿದೆಯಾ ಅಂತ ನೋಡೋಕೆ ಅದು ಆದೀತು. ಪೂಲ್‌ಗೆ ಸಾಲದು. ಕೆಲಸ ಮಾಡುವ ಕ್ಲೋರಿನ್ ಯಾವುದು, ಬೆವರು, ಮೂತ್ರದ ಜೊತೆ ಸೇರಿ ಕೆಲಸಕ್ಕೆ ಬಾರದೇ ಹೋದದ್ದು ಯಾವುದು ಅಂತ ಬಿಡಿಸದೆ ಒಟ್ಟು ಲೆಕ್ಕ ತೋರಿಸುತ್ತದೆ. ಮೂಗಿಗೆ ಹೊಡೆಯುವ "ಪೂಲ್ ವಾಸನೆ" ಇದೆಯಲ್ಲ, ಅದು ಈ ಸೇರಿಕೊಂಡ ಕ್ಲೋರಿನ್‌ನದು. ಡಿಪಿಡಿಯಲ್ಲಿ 1ನೇ ನಂಬರ್ ಮಾತ್ರೆ ಕೆಲಸ ಮಾಡುವ ಕ್ಲೋರಿನ್ ತೋರಿಸುತ್ತದೆ. ಅದೇ ಟ್ಯೂಬಿಗೆ 3ನೇ ನಂಬರ್ ಹಾಕಿದರೆ ಒಟ್ಟು ಕ್ಲೋರಿನ್ ಗೊತ್ತಾಗುತ್ತದೆ. ಎರಡರ ನಡುವಿನ ವ್ಯತ್ಯಾಸ ಅರ್ಧ ಪಿಪಿಎಂ ದಾಟಬಾರದು. ಕೊಳ್ಳುವಾಗ ಎರಡೂ ನಂಬರ್ ಇವೆಯಾ ನೋಡಿ. ಬಹಳ ಕಿಟ್‌ಗಳಲ್ಲಿ 1 ಮಾತ್ರ ಇರುತ್ತದೆ.

ದುಡ್ಡು ಹಾಕಲು ಮನಸ್ಸಿದ್ದರೆ ಹನಿ ಎಣಿಸುವ ಕಿಟ್ ತಗೊಳ್ಳಿ. ಎಫ್‌ಎಎಸ್-ಡಿಪಿಡಿ ಅಂತ ಕೇಳಿ. ಪುಡಿ ಹಾಕಿ ನೀರು ಗುಲಾಬಿ ಮಾಡುವುದು, ಬಣ್ಣ ಪೂರ್ತಿ ಹೋಗುವವರೆಗೆ ಇನ್ನೊಂದು ದ್ರಾವಣವನ್ನು ಹನಿಹನಿಯಾಗಿ ಬಿಡುವುದು. 10 ಎಂಎಲ್ ನೀರು ತಗೊಂಡರೆ ಒಂದು ಹನಿಗೆ ಅರ್ಧ ಪಿಪಿಎಂ. ಯಾವ ಗುಲಾಬಿ, ಎಷ್ಟು ಗುಲಾಬಿ ಅಂತ ಜಗಳವೇ ಇಲ್ಲ. ಚಾರ್ಟ್ ಕಿಟ್‌ಗೆ ಎಟುಕದಷ್ಟು ಜಾಸ್ತಿ ಕ್ಲೋರಿನ್ ಇದ್ದರೂ ಲೆಕ್ಕ ಸಿಗುತ್ತದೆ. ಕಾಕಾ ಈಗ ತರಿಸಿರುವುದು ಇದನ್ನೇ.

ಪಟ್ಟಿ ಅದ್ದುವ ಸ್ಟ್ರಿಪ್ ಕಿಟ್ ದಿನದ ಮೇಲ್ನೋಟಕ್ಕೆ ಪರವಾಗಿಲ್ಲ. ಒದ್ದೆ ಕೈ ಹಾಕಿದರೆ ಡಬ್ಬಿಯೇ ಕೆಟ್ಟಂತೆ. ಆರ್‌ಒ ರಿಪೇರಿಯವರ ಕೈಲಿರುವ ಟಿಡಿಎಸ್ ಪೆನ್ನನ್ನು ಪೂಲ್ ಟೆಸ್ಟರ್ ಅಂತ ಮಾರುವವರಿದ್ದಾರೆ. ಅದು ನೀರಿನಲ್ಲಿ ಕರಗಿದ ಉಪ್ಪಿನಂಶದ ಅಂದಾಜು ಹೇಳುತ್ತದೆ ಅಷ್ಟೇ. ಕ್ಲೋರಿನ್ ಎಷ್ಟಿದೆ ಅಂತ ಅದಕ್ಕೆ ಗೊತ್ತಾಗಲ್ಲ. ಡಿಜಿಟಲ್ ಪಿಎಚ್ ಪೆನ್ ಕೊಂಡರೆ ಸರಿಮಾಡಿಕೊಳ್ಳುವ ಬಫರ್ ದ್ರಾವಣವನ್ನೂ ಜೊತೆಗೇ ಕೊಳ್ಳಿ. ಅದಿಲ್ಲದಿದ್ದರೆ ಪೆನ್ ತೋರಿಸುವ ನಂಬರಿಗೆ ಬೆಲೆ ಇಲ್ಲ.

ನಮ್ಮ ಕಡೆಯವರು ತಪ್ಪದೆ ಕೇಳಬೇಕಾದ ಇನ್ನೊಂದು ಟೆಸ್ಟ್ ಇದೆ, ಸಯನ್ಯೂರಿಕ್ ಆಸಿಡ್ ಟೆಸ್ಟ್. ಬಿಸಿಲಿಗೆ ಕ್ಲೋರಿನ್ ಬೇಗ ಹಾರಿಹೋಗದಂತೆ ತಡೆಯುವ ವಸ್ತು ಇದು. ಅಂಗಡಿಯವರು ಕೊಡುವ 200 ಗ್ರಾಂನ ದಪ್ಪ ಟ್ಯಾಬ್ಲೆಟ್ಟಿನಲ್ಲಿ ಇದು ಕ್ಲೋರಿನ್ ಜೊತೆ ಸೇರಿಯೇ ಬರುತ್ತದೆ. ನಮ್ಮಷ್ಟು ದೊಡ್ಡ ಪೂಲ್‌ಗೆ ಒಂದು ಟ್ಯಾಬ್ಲೆಟ್ ಹಾಕಿದರೆ ಸಯನ್ಯೂರಿಕ್ ಆಸಿಡ್ ಸುಮಾರು 5 ಪಿಪಿಎಂ ಏರುತ್ತದೆ. ಕ್ಲೋರಿನ್ ಖರ್ಚಾಗುತ್ತದೆ, ಇದು ನೀರಲ್ಲೇ ಉಳಿಯುತ್ತದೆ. 30ರಿಂದ 50 ಇದ್ದರೆ ನಮ್ಮ ಬಿಸಿಲಿಗೆ ಒಳ್ಳೆಯದು. 100 ದಾಟಿದರೆ ಕ್ಲೋರಿನ್ ಇದ್ದೂ ಸರಿಯಾಗಿ ಕೆಲಸ ಮಾಡಲ್ಲ. ಆಗ ನೀರು ಹೊರಗೆ ಚೆಲ್ಲಿ ಹೊಸದು ತುಂಬಬೇಕು. ಬೇಸಿಗೆಯಲ್ಲಿ ಕಾಲುವೆ ನಿಂತು ಬೋರ್ ನೀರೇ ಗತಿ ಆದಾಗ ಪೂಲ್ ಖಾಲಿ ಮಾಡೋದು ಅಂದರೆ ಊರವರ ಕಣ್ಣು ಕೆಂಪಾಗುತ್ತದೆ, ಆಗಲೇಬೇಕು ಕೂಡ. ಇನ್ನೊಂದು ಮಾತು, ಈ ಟ್ಯಾಬ್ಲೆಟ್ಟನ್ನೂ ಹರಳನ್ನೂ ಒಂದೇ ಡಬ್ಬದಲ್ಲಿ, ಒಂದೇ ಮಗ್ಗಿನಲ್ಲಿ ಸೇರಿಸಬೇಡಿ. ಬೆಂಕಿ ಹೊತ್ತಿಕೊಳ್ಳಬಹುದು, ಸಿಡಿಯಲೂಬಹುದು.

ಬೋರ್ ನೀರು ತುಂಬುವವರಿಗೆ ಗಡಸುತನದ ಟೆಸ್ಟ್ ಕೂಡ ಬೇಕು. 200ರಿಂದ 400 ಪಿಪಿಎಂ ಸಾಮಾನ್ಯ. ಮೇಲೆ ಹೋದಷ್ಟೂ ಟೈಲ್ಸ್ ಮೇಲೆ ಬಿಳಿ ಸುಣ್ಣದ ಪದರ ಕಟ್ಟುತ್ತದೆ. ಆಲ್ಕಲಿನಿಟಿ, ಅಂದರೆ ನೀರಿನ ಕ್ಷಾರದಂಶ, 80ರಿಂದ 120 ಪಿಪಿಎಂ ಇದ್ದರೆ ಪಿಎಚ್ ಏರುಪೇರಾಗಲ್ಲ.

ಕಿಟ್ ಇಡುವ ಜಾಗದ ಬಗ್ಗೆ ಯಾರೂ ಯೋಚಿಸಲ್ಲ. ನಮ್ಮದು ತಗಡಿನ ಚಾವಣಿಯ ಪಂಪ್ ಶೆಡ್ಡಿನಲ್ಲಿ, ಕ್ಲೋರಿನ್ ಡಬ್ಬದ ಪಕ್ಕದಲ್ಲೇ ಇರುತ್ತಿತ್ತು. ಶಾಖ, ಬೆಳಕು, ಕ್ಲೋರಿನ್ ಆವಿ ಮೂರೂ ಟೆಸ್ಟ್ ದ್ರಾವಣವನ್ನು ಕೆಡಿಸುತ್ತವೆ. ಮನೆಯೊಳಗೆ ತಣ್ಣಗಿರುವ ಕಪಾಟಿನಲ್ಲಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಆನ್‌ಲೈನ್ ತರಿಸುವವರು ಮೇ ತಿಂಗಳಲ್ಲಿ ತರಿಸಬೇಡಿ, ಕೊರಿಯರ್ ಗಾಡಿಯಲ್ಲೇ ಅರ್ಧ ಬೆಂದಿರುತ್ತದೆ. ಚಳಿಗಾಲದಲ್ಲಿ ತರಿಸಿ, ಬಂದ ತಕ್ಷಣ ಡೇಟ್ ನೋಡಿ. ದ್ರಾವಣಕ್ಕಿಂತ ಪಟ್ಟಿಯಲ್ಲಿರುವ ಮಾತ್ರೆ, ಪುಡಿ ಜಾಸ್ತಿ ದಿನ ಬಾಳುತ್ತವೆ.

ಜೊತೆಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಗಾಗಲ್, ಎಲೆ ತೆಗೆಯುವ ಬಲೆ, ಉದ್ದ ಕೋಲಿನ ಬ್ರಷ್ ಇರಲಿ. ಎಲ್‌ಇಡಿ ಬಲ್ಬು, ಬಣ್ಣದ ತೇಲುವ ಬಾತುಕೋಳಿ ಥರ್ಮಾಮೀಟರ್ ಎಲ್ಲ ಆಮೇಲೆ. ಟೆಸ್ಟ್ ನೀರನ್ನು ಮೇಲಿನಿಂದ ಮೊಗೆಯಬೇಡಿ. ನೀರು ಒಳಬರುವ ಪೈಪಿನಿಂದ ದೂರ ಹೋಗಿ, ಮೊಣಕೈ ಮುಳುಗುವಷ್ಟು ಆಳದಿಂದ ತಗೊಳ್ಳಿ. ಮಾತ್ರೆಯನ್ನು ಬೆರಳಲ್ಲಿ ಮುಟ್ಟಬೇಡಿ, ಟ್ಯೂಬಿನ ಬಾಯಿಗೆ ಹೆಬ್ಬೆರಳು ಇಟ್ಟು ಅಲ್ಲಾಡಿಸಬೇಡಿ. ಟೆಸ್ಟ್ ಮಾಡಿದ ನೀರನ್ನು ಪೂಲ್‌ಗೆ ವಾಪಸ್ ಸುರಿಯಬೇಡಿ.

ಸಾಣಾಪುರದ ಕಡೆ ಮಕ್ಕಳನ್ನು ಕರೆದುಕೊಂಡು ಹೋಗಿ ಉಳಿಯುವವರು ನೀರಿಗಿಳಿಯುವ ಮೊದಲು ಕಿಟ್ ತರಿಸಿ ಟೆಸ್ಟ್ ಮಾಡಿ ತೋರಿಸಿ ಅಂತ ಕೇಳಿ. ಕೇಳೋಕೆ ನಾಚಿಕೆ ಬೇಡ. ಮಾತ್ರೆ ಕರಗುವಾಗ ಟ್ಯೂಬನ್ನೇ ನೋಡ್ತಾ ಇರಿ. ಗುಲಾಬಿ ಬಂದು ಹೋಯಿತು ಅಂದರೆ ಅವತ್ತಿನ ಈಜು ಬಿಟ್ಟುಬಿಡಿ.