ಗ್ಲೈಡರ್ ರಿಮೋಟಿಗೆ ಗಿಡ್ಡ ರಬ್ಬರ್ ಆಂಟೆನಾ: ಹತ್ತಿರಕ್ಕೆ ಸಾಕು, ದೂರಕ್ಕೆ ಬೇಡ

ಹಳೆ 72 ಮೆಗಾಹರ್ಟ್ಸ್ ಟ್ರಾನ್ಸ್‌ಮಿಟರ್ (ಕೈಯಲ್ಲಿ ಹಿಡಿಯುವ ರಿಮೋಟ್ ಸೆಟ್) ಇಟ್ಕೊಂಡು ಗ್ಲೈಡರ್, ಅಂದ್ರೆ ಎಂಜಿನ್ ಇಲ್ಲದ ಮಾಡೆಲ್ ವಿಮಾನ, ಹಾರಿಸುವವರು ಮಂಗಳೂರು ಉಡುಪಿ ಕಡೆ ಈಗ ಕಮ್ಮಿ, ಆದ್ರೂ ಇದ್ದಾರೆ, ಅಂಥವರಿಗೆ ಇದು. ಆನ್‌ಲೈನಲ್ಲಿ ತರಿಸಿದ ಗಿಡ್ಡ ಆಂಟೆನಾ, ಒಂದು ಗೇಣಿನಷ್ಟು ಉದ್ದ, ಹೇಗೆ ಬೇಕಾದ್ರೂ ಬಗ್ಗುತ್ತದೆ, ಒಂದು ಮಳೆಗಾಲ ನೋಡಿ ಆಯ್ತು.

ಕೈಯಲ್ಲಿ ಎಸೆದು ಹಾರಿಸುವವರಿಗೆ ಬಹಳ ಚಂದ ಮಾರಾಯ್ರೆ. ರೆಕ್ಕೆ ತುದಿ ಹಿಡಿದು ಗಿರ್ರಂತ ತಿರುಗಿ ಎಸೆಯುವಾಗ ಸೆಟ್ಟಿನ ಜೊತೆ ಬರುವ ಉದ್ದ ಸ್ಟೀಲ್ ಆಂಟೆನಾ ಕಡ್ಡಿ ರೆಕ್ಕೆಗೆ ತಾಗ್ತದೆ, ಪಕ್ಕದವರ ಕಣ್ಣಿಗೂ ಅಪಾಯ. ಇದರಲ್ಲಿ ಆ ತಲೆಬಿಸಿ ಇಲ್ಲ.

ರೇಂಜ್ ಮಾತ್ರ ಬೇರೆ ವಿಷಯ. 72 ಮೆಗಾಹರ್ಟ್ಸಿಗೆ ಕಾಲು ತರಂಗ (ರೇಡಿಯೋ ತರಂಗದ ಉದ್ದದ ಕಾಲು ಭಾಗ) ಅಂದ್ರೆ ಸುಮಾರು 1.04 ಮೀಟರ್, ಎಳೆದು ಉದ್ದ ಮಾಡುವ ಆ ಟೆಲಿಸ್ಕೋಪಿಕ್ ಆಂಟೆನಾ ಅಷ್ಟು ಉದ್ದ ಇರೋದು ಸುಮ್ನೆ ಅಲ್ಲ. ಗಿಡ್ಡದರ ಒಳಗೆ ತಂತಿ ಸುರುಳಿ ಸುತ್ತಿ ಆ ಕೊರತೆ ತುಂಬಿಸ್ತಾರೆ, ಟ್ಯೂನ್ ಏನೋ ಆಗ್ತದೆ, ಆದ್ರೆ ಪವರಲ್ಲಿ ಒಂದು ಪಾಲು ಅಲ್ಲೇ ಬಿಸಿಯಾಗಿ ಹೋಗ್ತದೆ, ಮತ್ತೆ ಒಂದು ಸೆಟ್ಟಿಗೆ ಹೊಂದಿದ್ದು ಇನ್ನೊಂದಕ್ಕೆ ಹೊಂದ್ತದೆ ಅಂತಿಲ್ಲ. ಹೊರಗೆ ಹೋಗುವ ಪವರ್ ಕಾಲು ಭಾಗಕ್ಕೆ ಇಳಿದ್ರೆ ರೇಂಜ್ ಅರ್ಧ.

ಸುರತ್ಕಲ್ ಬೀಚಲ್ಲಿ ಜನ ಇಲ್ಲದ ಹೊತ್ತು ನೋಡಿ ಗೆಳೆಯ ಗ್ಲೈಡರ್ ಹಿಡ್ಕೊಂಡು ದೂರ ನಡೀತಾ ಹೋದ, ನಾನು ಸ್ಟಿಕ್ ಆಡಿಸ್ತಾ ಇದ್ದೆ, ಉದ್ದ ಆಂಟೆನಾದಲ್ಲಿ ಎಂತದೂ ತೊಂದ್ರೆ ಇಲ್ಲದ ದೂರದಲ್ಲೇ ಗಿಡ್ಡದು ಹಾಕಿದ್ರೆ ರಡ್ಡರ್ (ಬಾಲದ ಚುಕ್ಕಾಣಿ) ತಿರುಗಿಸುವ ಸಣ್ಣ ಮೋಟಾರು, ಅಂದ್ರೆ ಸರ್ವೋ, ಕಟಕಟ ನಡುಗ್ಲಿಕ್ಕೆ ಶುರು. ನೆಲದ ಮೇಲೆ ರೇಂಜ್ ಯಾವಾಗಲೂ ಕಮ್ಮಿಯೇ, ಆದ್ರೆ ಎರಡಕ್ಕೂ ಅದೇ ನೆಲ ಅಲ್ವಾ. ಗ್ಲೈಡರಿನ ಒಳಗಿರುವ ನನ್ನ ರಿಸೀವರ್ ಪಿಪಿಎಂ (ಅನಲಾಗ್ ರೀತಿಯದ್ದು), ಹಾಗಾಗಿ ಈ ನಡುಕ ಮುಂಚೆಯೇ ಸುಳಿವು ಕೊಡ್ತದೆ. ಪಿಸಿಎಂ (ಡಿಜಿಟಲ್ ರೀತಿಯದ್ದು) ಆದ್ರೆ ಅದೂ ಇಲ್ಲ, ಸಿಗ್ನಲ್ ಕೆಟ್ರೆ ಸರ್ವೋ ಮೊದಲೇ ಹೊಂದಿಸಿಟ್ಟ ಸ್ಥಿತಿಗೆ ಹೋಗ್ತದೆ, ಅಂದ್ರೆ ಸೀದಾ ಫೇಲ್‌ಸೇಫ್.

ತಲೆ ಮೇಲೆಯೇ ಸುತ್ತುವ ಸಣ್ಣ ಗ್ಲೈಡರಿಗೆ ಧಾರಾಳ ಸಾಕು. ಎರಡು ಮೀಟರ್ ರೆಕ್ಕೆಯದ್ದು ಥರ್ಮಲ್ (ಮೇಲೇರುವ ಬಿಸಿ ಗಾಳಿ) ಹಿಡಿದು ಚುಕ್ಕಿಯಾಗುವವರೆಗೆ ಹೋದ್ರೂ ಕಣ್ಣಿಗೆ ಕಾಣ್ತಾ ಇರ್ತದೆ, ಅಂಥದ್ದಕ್ಕೆ ಇದನ್ನು ಖಂಡಿತ ಹಾಕಬೇಡಿ, ಅದ್ರಲ್ಲೂ ಸಮುದ್ರದ ಬದಿಯಲ್ಲಿ.

ನಮ್ಮ ಉಪ್ಪು ಗಾಳಿಯ ಮಾತೂ ಉಂಟು. ಬುಡದ ಹಿತ್ತಾಳೆ ಸ್ಕ್ರೂ ಮಳೆಗಾಲ ಮುಗಿಯುವಷ್ಟರಲ್ಲಿ ಹಸಿರು ಹಿಡಿದಿತ್ತು, ರಬ್ಬರ್ ಬಗ್ಗುವ ಜಾಗದಲ್ಲಿ ಸಣ್ಣ ಬಿರುಕು. ಒಳಗಿನ ತಂತಿ ಅಲ್ಲಿ ಸಡಿಲ ಆದ್ರೆ ಒಮ್ಮೆ ಸಿಗ್ನಲ್ ಬರ್ತದೆ ಒಮ್ಮೆ ಇಲ್ಲ, ಮನೆ ಮೇಜಿನ ಮೇಲೆ ಎಲ್ಲ ಸರಿ ಇದ್ದ ಹಾಗೆಯೇ ಕಾಣ್ತದೆ. ಹಾರಿಸುವ ಮೊದ್ಲು ಗ್ಲೈಡರನ್ನು ದೂರ ಇಟ್ಟು, ಆಂಟೆನಾವನ್ನು ಬುಡದಲ್ಲಿ ನಾಲ್ಕೂ ಕಡೆ ಬಗ್ಗಿಸಿ ಸರ್ವೋ ನಡುಗ್ತದಾ ನೋಡಿ. ಆಂಟೆನಾ ಬಿಚ್ಚಿ ಸೆಟ್ ಆನ್ ಮಾಡ್ಲೇಬೇಡಿ, ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗಬಹುದು.

ಹೊಸ 2.4 ಗಿಗಾಹರ್ಟ್ಸ್ ಸೆಟ್ಟಿನವರಿಗೆ ಈ ಚಿಂತೆ ಇಲ್ಲ, ಅಲ್ಲಿ ಕಾಲು ತರಂಗವೇ ಸುಮಾರು 3 ಸೆಂಟಿಮೀಟರ್, ಗಿಡ್ಡ ಆಂಟೆನಾವೇ ಪೂರ್ತಿ ಸೈಜಿಂದು. ತುದಿಯನ್ನು ವಿಮಾನದ ಕಡೆ ತೋರಿಸದಿದ್ರೆ ಆಯ್ತು, ಆ ದಿಕ್ಕಿಗೆ ಸಿಗ್ನಲ್ ತೀರಾ ವೀಕ್.

ತಗೊಳ್ಳುವವರು ಎರಡು ವಿಷಯ ಕೇಳಿಯೇ ತಗೊಳ್ಳಿ, ಯಾವ ಫ್ರೀಕ್ವೆನ್ಸಿಗೆ ಟ್ಯೂನ್ ಮಾಡಿದ್ದು, ಸ್ಕ್ರೂ ಥ್ರೆಡ್ ನಿಮ್ಮ ಸೆಟ್ಟಿಗೆ ಕೂರ್ತದಾ. ನಾನು ತಗೊಂಡ ಕಡೆ ಎರಡನ್ನೂ ಬರೆದೇ ಇರ್ಲಿಲ್ಲ, ಮೆಸೇಜ್ ಮಾಡಿ ಕೇಳಿ ತಿಳ್ಕೊಳ್ಬೇಕಾಯ್ತು.