ಉಕ್ಕಿನ ಮೆಟ್ಟಿಲಿನ ಮೇಲೆ ಮಂಜುಗಡ್ಡೆ: ಮೂರು ಲವಣಗಳ ಹೋಲಿಕೆ

ಮನೆಯೆದುರಿನ ಉಕ್ಕಿನ ಮೆಟ್ಟಿಲಿನ ಮೇಲೆ ಕಟ್ಟುವ ಮಂಜುಗಡ್ಡೆಗೆ ಮೂರು ಚಳಿಗಾಲಗಳಲ್ಲಿ ಮೂರು ಲವಣಗಳನ್ನು ಬಳಸಿದ್ದೇನೆ: ಮೊದಲು ಕಲ್ಲುಪ್ಪು, ಅನಂತರ ಕ್ಯಾಲ್ಸಿಯಂ ಕ್ಲೋರೈಡ್, ಈಗ ಕ್ಯಾಲ್ಸಿಯಂ ಮೆಗ್ನೀಷಿಯಂ ಅಸಿಟೇಟ್. ಉಕ್ಕಿನ ಬಳಿ ಇನ್ನು ಅಸಿಟೇಟ್ ಬಿಟ್ಟು ಬೇರೇನನ್ನೂ ಚೆಲ್ಲಬಾರದೆಂದು ನಿರ್ಧರಿಸಿದ್ದು ಎರಡನೆಯ ಖರೀದಿಯಿಂದ ಪೆಟ್ಟು ತಿಂದ ಮೇಲೆ.

ಕಲ್ಲುಪ್ಪು ಅಗ್ಗ. ಆದರೆ ಉಷ್ಣಾಂಶ ಶೂನ್ಯಕ್ಕಿಂತ 10 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದರೆ ಅದರ ಕೆಲಸ ಬಹಳ ನಿಧಾನವಾಗುತ್ತದೆ. ಬೋಲ್ಟುಗಳ ಸುತ್ತ ತುಕ್ಕೂ ಕಾಣಿಸಿಕೊಂಡಿತು.

ಕ್ಯಾಲ್ಸಿಯಂ ಕ್ಲೋರೈಡ್ ಕರಗುವಾಗ ತಾನೇ ಶಾಖ ಹೊರಸೂಸುವುದರಿಂದ ಕಡುಚಳಿಯಲ್ಲೂ ಗಡ್ಡೆಯನ್ನು ಬೇಗ ಸಡಿಲಿಸಿತು; ಆ ಮಟ್ಟಿಗೆ ದೂರಲಾರೆ. ತೊಡಕು ಕಂಡದ್ದು ಬಿಸಿಲು ಬಿದ್ದ ಒಣ ದಿನಗಳಲ್ಲಿ: ಕಾಲುದಾರಿಯೆಲ್ಲ ಒಣಗಿದ್ದರೂ ಮೆಟ್ಟಿಲಿನ ಹಲಗೆ ಅದರ ಆಧಾರಪಟ್ಟಿಗೆ ಕೂಡುವ ಸಂದಿನಲ್ಲಿ ಮಾತ್ರ ಪಸೆ ಆರುತ್ತಲೇ ಇರಲಿಲ್ಲ. ಅಡುಗೆ ಉಪ್ಪು ಗಾಳಿಯಿಂದ ನೀರು ಹೀರಿ ದ್ರಾವಣವಾಗಲು ಶೇಕಡಾ 75ರಷ್ಟು ಸಾಪೇಕ್ಷ ತೇವಾಂಶ ಬೇಕು. ಕ್ಯಾಲ್ಸಿಯಂ ಕ್ಲೋರೈಡಿಗೆ ಸುಮಾರು 40 ಸಾಕು. ಉಪ್ಪು ಬಿದ್ದ ಉಕ್ಕಿಗೆ ಒಣಹವೆಯಲ್ಲಿ ಸಿಗುವ ಬಿಡುವು ಇದರ ಕೆಳಗಿನ ಉಕ್ಕಿಗೆ ಸಿಗುವುದೇ ಇಲ್ಲ.

ಮೇಲ್ಭಾಗವನ್ನು ನಾನು ನೀರು ಹಾಯಿಸಿ ತೊಳೆಯುತ್ತಿದ್ದೆ, ಆದರೆ ಸಂದಿನೊಳಗೆ ನೀರು ಹೊಗಲಿಲ್ಲ. ಅಲ್ಲಿ ಕರಗಿದ ಕಬ್ಬಿಣವು ಕ್ಲೋರೈಡಿನೊಡನೆ ಸೇರಿ, ಆ ಸಂಯುಕ್ತ ನೀರಿನೊಡನೆ ವರ್ತಿಸಿ ಆಮ್ಲವುಂಟಾಗುತ್ತದೆ. ಕ್ಲೋರೈಡ್ ಖರ್ಚಾಗದೆ ಉಳಿದು ಮತ್ತೆ ಹೊಸ ಕಬ್ಬಿಣವನ್ನು ತಿನ್ನತೊಡಗುತ್ತದೆ. ಹವೆ ಬೆಚ್ಚಗಾದಂತೆ ಈ ಕ್ರಿಯೆ ಚುರುಕಾಗುತ್ತದಾದ್ದರಿಂದ, ಹಿಮವೆಲ್ಲ ಕರಗಿ ಹೋದ ಮೇಲೆ, ವಸಂತದಲ್ಲಿ, ಸಂದಿನಿಂದ ಕೆಂಗಂದು ನೀರು ಇಳಿಯಲಾರಂಭಿಸಿತು. ಉಬ್ಬಿದ ಬಣ್ಣ ಕೆರೆದು ನೋಡಿದಾಗ ಬೆಸುಗೆಯ ಉದ್ದಕ್ಕೂ ಗುಳಿಗಳಿದ್ದವು. ಮೆಗ್ನೀಷಿಯಂ ಕ್ಲೋರೈಡೂ ಹೀಗೆಯೇ ಪಸೆ ಹಿಡಿದಿಡುವುದರಿಂದ ಅದನ್ನು ಕೊಳ್ಳಲೇ ಇಲ್ಲ.

ಅಸಿಟೇಟಿನಲ್ಲಿ ಕ್ಲೋರೈಡ್ ಇಲ್ಲ. ಇದು ಗಡ್ಡೆಯನ್ನು ನೀರು ಮಾಡುವುದಕ್ಕಿಂತ ಹಿಮ ನೆಲಕ್ಕೆ ಕಚ್ಚಿಕೊಳ್ಳದಂತೆ ತಡೆಯುವುದೇ ಹೆಚ್ಚು. ಆದ್ದರಿಂದ ಹಿಮ ಬೀಳುವ ಮೊದಲೇ ಹರಡಿ, ಆಮೇಲೆ ಸಲಿಕೆಯಿಂದ ತೆಗೆಯಬೇಕು. ಬೆಳಗಾಗುವ ಮೊದಲೇ ಎದ್ದು ಸಲಿಕೆ ಹಿಡಿಯುವುದು ನನಗೆ ರೂಢಿಯಾಗಿರುವುದರಿಂದ ಇದು ಹೊರೆಯಾಗಲಿಲ್ಲ. ಶೂನ್ಯಕ್ಕಿಂತ 6–7 ಡಿಗ್ರಿ ಕೆಳಗೆ ಅದನ್ನು ನಂಬುವಂತಿಲ್ಲ. ಅಂಥ ದಿನ ಮರಳು ಹಾಕುತ್ತೇನೆ. ವಿನೆಗರಿನಂಥ ವಾಸನೆಯಿದೆ. ಬೆಲೆ ಕಲ್ಲುಪ್ಪಿನ ಹಲವು ಪಟ್ಟು, ಹಾಗಾಗಿ ಎಂಟು ಮೆಟ್ಟಿಲಿಗಷ್ಟೇ ಅದು ನನ್ನ ಕೈಗೆಟುಕುತ್ತದೆ. ಉಕ್ಕಿಲ್ಲದ ಕಾಲುದಾರಿಗೆ ಇಂದಿಗೂ ಕಲ್ಲುಪ್ಪೇ.

ಸಂದನ್ನು ಕೆರೆದು ಪ್ರೈಮರ್ ಬಳಿದು ಮುಚ್ಚಿದ್ದೇನೆ, ಆದ್ದರಿಂದ ಈ ವರ್ಷ ಅದು ಚೊಕ್ಕಟವಾಗಿರುವ ಶ್ರೇಯಸ್ಸೆಲ್ಲ ಅಸಿಟೇಟಿಗೆ ಸಲ್ಲದು. ಅದಕ್ಕೆಂದೇ ಬಣ್ಣವಿಲ್ಲದ ಎರಡು ಉಕ್ಕಿನ ಪಟ್ಟಿಗಳನ್ನು ಮೆಟ್ಟಿಲಿನಡಿ ತೂಗುಹಾಕಿ, ಒಂದಕ್ಕೆ ಉಳಿದಿದ್ದ ಕ್ಯಾಲ್ಸಿಯಂ ಕ್ಲೋರೈಡಿನ ದ್ರಾವಣವನ್ನೂ ಇನ್ನೊಂದಕ್ಕೆ ಅಸಿಟೇಟಿನದನ್ನೂ ವಾರಕ್ಕೊಮ್ಮೆ ಚಿಮುಕಿಸಿದೆ. ಮೊದಲನೆಯದರಿಂದ ತುಕ್ಕು ಪದರ ಪದರವಾಗಿ ಕಳಚಿ ಬೀಳುತ್ತಿದೆ; ಎರಡನೆಯದರ ಮೇಲಿನ ತೆಳು ಕಂದುಬಣ್ಣ ಬಟ್ಟೆಯಿಂದ ಉಜ್ಜಿದರೆ ಹೋಗುತ್ತದೆ.