ಜಿಮ್ನಿಗೆ ದೊಡ್ಡ ಟೈರ್: ಎರಡು ಅಂಗಡಿ, ಎರಡು ಸೈಜು, ಒಂದು ಕಲ್ಲು

ಇದು ಹಾಸನದ ಬಿ.ಎಂ. ರೋಡಲ್ಲಿರೋ ಒಂದು ಟೈರ್ ಅಂಗಡಿ ಬಗ್ಗೆ ರಿವ್ಯೂ, ಆದ್ರೆ ಅಲ್ಲಿಗೆ ಹೋಗೋ ಮುಂಚೆ ಬೆಂಗ್ಳೂರಲ್ಲಿ ಇನ್ನೊಂದು ಅಂಗಡೀಲಿ ದುಡ್ಡು ಕಳ್ಕೊಂಡ ಕಥೆ ಹೇಳ್ದೆ ಏನೂ ಅರ್ಥ ಆಗಲ್ಲ. ಎರಡೂ ಅಂಗಡಿ ಹೆಸ್ರು ಬರೀತಿಲ್ಲ. ಒಂದ್ರದ್ದು ಬರೆದ್ರೆ ಜಗಳ, ಇನ್ನೊಂದ್ರದ್ದು ಬರೆದ್ರೆ ಕಾಸು ತಗೊಂಡು ಬರ್ದಿದಾನೆ ಅಂತೀರ.

ಗಾಡಿ ಮಾರುತಿಯ ಐದು ಡೋರ್ ಜಿಮ್ನಿ, ಮ್ಯಾನ್ಯುವಲ್. ವಾರವೆಲ್ಲ ಬೆಂಗ್ಳೂರು, ಶನಿವಾರ ಬೆಳಗಿನ ಜಾವ ಎದ್ದು ಹಾಸನ, ಬೇಲೂರು ದಾಟಿ ಮೂಡಿಗೆರೆ ಹತ್ರ ತೋಟಕ್ಕೆ. ಟಾರ್ ರೋಡ್ ಮುಗಿದ್ಮೇಲೆ ಮನೆವರೆಗೆ ಒಂದೂವರೆ ಕಿಲೋಮೀಟ್ರು ಮಣ್ಣು ರಸ್ತೆ, ಮಳೆಗಾಲದಲ್ಲಿ ಅದನ್ನ ರಸ್ತೆ ಅನ್ನೋದಕ್ಕಿಂತ ಹಳ್ಳ ಅನ್ನಬಹುದು, ಎರಡು ಕಡೆ ಚಕ್ರದ ಜಾಡು ಆಳಕ್ಕೆ ಬಿದ್ದು ಮಧ್ಯ ದಿಬ್ಬ ಎದ್ದಿರುತ್ತೆ, ಕೊನೇ ತಿರುವಲ್ಲಿ ಆ ದಿಬ್ಬದಲ್ಲೇ ಒಂದು ಕಲ್ಲು ತಲೆ ಎತ್ಕೊಂಡು ಕೂತಿತ್ತು. ವಾರಕ್ಕೆರಡು ಸಲ, ಬರ್ತಾ ಒಂದು ಹೋಗ್ತಾ ಒಂದು, ಹಿಂದಿನ ಡಿಫರೆನ್ಷಿಯಲ್ ಹೌಸಿಂಗು, ಅಂದ್ರೆ ಹಿಂದಿನ ಎರಡು ಚಕ್ರದ ಮಧ್ಯ ಕೆಳಗೆ ಉಬ್ಬಿರೋ ಗೇರಿನ ಗುಂಡು, ಅದಕ್ಕೆ ಟಣ್ ಅಂತ ಬಡಿಯೋದು.

ಲಿಫ್ಟ್ ಕಿಟ್ ಹಾಕ್ಸು ಅಂದ್ರು ಫ್ರೆಂಡ್ಸು. ಇಲ್ಲೊಂದು ವಿಷ್ಯ ಗೊತ್ತಿರ್ಲಿ. ಜಿಮ್ನಿಗೆ ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್ಲು, ಅಂದ್ರೆ ಎಡಗಡೆ ಬಲಗಡೆ ಚಕ್ರ ಸೇರ್ಸೋ ಒಂದೇ ದಂಡೆ, ಸ್ಪ್ರಿಂಗ್ ಎತ್ತರ ಮಾಡಿದ್ರೆ ಬಾಡಿ ಮೇಲೇಳುತ್ತೆ ಅಷ್ಟೇ, ಆಕ್ಸಲ್ ಮಧ್ಯದಲ್ಲಿರೋ ಡಿಫರೆನ್ಷಿಯಲ್ ಇದ್ದಲ್ಲೇ ಇರುತ್ತೆ. ಅದು ಮೇಲೇಳಬೇಕು ಅಂದ್ರೆ ಟೈರೇ ದೊಡ್ಡದಾಗಬೇಕು, ಬೇರೆ ದಾರಿ ಇಲ್ಲ. ಹಾಗಾಗಿ ನನ್ನ ಲೆಕ್ಕ ಸರಿಯಾಗೇ ಇತ್ತು, ಎಡವಟ್ಟಾಗಿದ್ದು ಆಮೇಲೆ.

ಕಂಪ್ನಿ ಸೈಜು 195/80 ಆರ್15 (ಅಗಲ 195 ಮಿಲಿಮೀಟ್ರು, ಪಕ್ಕದ ಎತ್ತರ ಅದರ ಶೇಕಡ 80, ರಿಮ್ 15 ಇಂಚು), ಚಕ್ರದ ಹೊರಗಿನ ವ್ಯಾಸ 693 ಮಿಲಿಮೀಟ್ರು. ಬೆಂಗ್ಳೂರು ಅಂಗಡಿಯವ್ರು ತೋರ್ಸಿದ್ದು 235/75 ಆರ್15 ಆಲ್ ಟೆರೇನ್ (ಟಾರು, ಮಣ್ಣು ಎರಡಕ್ಕೂ ಆಗೋ ಟೈರು), ಅದು 733ರ ಮೇಲೆ. 40 ಮಿಲಿಮೀಟ್ರು ಜಾಸ್ತಿ ಅಂದ್ರೆ ಅದರಲ್ಲಿ ಅರ್ಧ, 20 ಮಿಲಿಮೀಟ್ರು, ಡಿಫರೆನ್ಷಿಯಲ್ ಮೇಲೇಳುತ್ತೆ, ಕಲ್ಲು ತಪ್ಪುತ್ತೆ. ನೋಡೋಕೂ ಗಾಡಿ ಎದೆ ಉಬ್ಬಿಸ್ಕೊಂಡು ನಿಂತಂಗೆ ಕಾಣುತ್ತೆ, ಸುಳ್ಳು ಯಾಕೆ ಹೇಳ್ಲಿ, ಅರ್ಧ ಆಸೆ ಅದೇ. ತಾಗಲ್ವಾ ಅಂತ ಕೇಳ್ದೆ. "ಏನೂ ಆಗಲ್ಲ ಸಾರ್, ಎಲ್ರೂ ಇದ್ನೇ ಹಾಕ್ಸೋದು" ಅಂದ್ರು. ಒಂದು ಸಲ ಸ್ಟೀರಿಂಗ್ ಪೂರ್ತಿ ತಿರುಗಿಸಿ ನೋಡೋಣ ಅಂತ ನನಗೂ ಹೊಳೀಲಿಲ್ಲ, ಅವ್ರಿಗಂತೂ ಬೇಕಾಗಿರ್ಲಿಲ್ಲ. ನಾಲ್ಕು ಹಾಕಿ, ಹಿಂದೆ ಡೋರಲ್ಲಿರೋ ಸ್ಟೆಪ್ನಿ ಹಳೇದೇ ಇರ್ಲಿ ಬಿಡಿ ಸಾರ್ ಅಂತ ಕಳ್ಸಿದ್ರು.

ಮನೆ ಅಂಗಳಕ್ಕೆ ಗಾಡಿ ಬಂದಿದ್ದೇ ಅಪ್ಪ ಹೊರಗೆ ಬಂದು ನೋಡಿ "ಏನೋ ಇದು, ಟ್ರ್ಯಾಕ್ಟರ್ ಚಕ್ರ ಹಾಕ್ಸ್ಕೊಂಡು ಬಂದಿದ್ಯಾ" ಅಂದ್ರು. ಅವ್ರು ಮೂವತ್ತು ವರ್ಷ ಇದೇ ದಾರೀಲಿ ಹಳೇ ಜೀಪು ಓಡಿಸ್ದೋರು, 6.00-16 ಸೈಜಿನ ಸಣಕಲು ಟೈರಲ್ಲಿ, ಹಿಂದೆ ಗೊಬ್ಬರದ ಮೂಟೆ, ಅದರ ಮೇಲೆ ಏಳೆಂಟು ಜನ. ಅಗಲ ಟೈರು ಕೆಸರ ಮೇಲೆ ತೇಲುತ್ತೆ, ಸಣ್ಣ ಟೈರು ಕೆಸರು ಸೀಳ್ಕೊಂಡು ಕೆಳಗಿರೋ ಗಟ್ಟಿ ನೆಲ ಹಿಡಿಯುತ್ತೆ ಅನ್ನೋದು ಅವ್ರ ವಾದ, ನಮ್ಮ ಕಡೆ ಮಣ್ಣಿಗೆ ಅದು ನಿಜಾನೂ ಹೌದು, ಆದ್ರೆ ಆವತ್ತು ಒಪ್ಕೊಳ್ಳೋ ಮೂಡಲ್ಲಿ ನಾನಿರ್ಲಿಲ್ಲ.

ಕಲ್ಲು ತಪ್ಪಿತ್ತು. ಅದೊಂದು ಬಿಟ್ರೆ ಮಿಕ್ಕಿದ್ದೆಲ್ಲ ಕೆಟ್ಟಿತ್ತು. ಗೇಟಲ್ಲಿ ರಿವರ್ಸ್ ತಗೋವಾಗ ಸ್ಟೀರಿಂಗ್ ಕೊನೇವರೆಗೆ ತಿರುಗಿಸಿದ್ರೆ ಒಳಗಿಂದ ಗರಗರ ಸದ್ದು, ಚಾರ್ಮಾಡಿ ಘಾಟಿಯ ಮುರುಕಲ್ಲಿ ಹಳ್ಳಕ್ಕೆ ಇಳಿದಾಗ ಫೆಂಡರ್ ಒಳಗಿನ ಪ್ಲಾಸ್ಟಿಕ್ ಹರಿದು ನೇತಾಡ್ತಿತ್ತು, ಕೊಟ್ಟಿಗೆಹಾರದಲ್ಲಿ ನೀರ್ದೋಸೆ ತಿನ್ನೋಕೆ ನಿಲ್ಲಿಸಿದಾಗ ಅದನ್ನ ಕಿತ್ತು ಡಿಕ್ಕಿಗೆ ಹಾಕ್ದೆ. ಪಿಕಪ್ಪು ಹೋಯ್ತು. 1.5 ಲೀಟ್ರು ಎಂಜಿನ್ನು, 134 ಎನ್ಎಂ ಟಾರ್ಕು, ಅದೇನು ಆನೆ ಬಲ ಅಲ್ಲ, ಅದಕ್ಕೆ ಚಕ್ರ ಶೇಕಡ 6ರಷ್ಟು ದೊಡ್ಡದು ಮಾಡಿದ್ರೆ ಪ್ರತಿ ಗೇರೂ ಅಷ್ಟು ಸೋಮಾರಿ ಆಗುತ್ತೆ, ಘಾಟೀಲಿ ಮೂರನೇ ಗೇರಲ್ಲಿ ಹೋಗ್ತಿದ್ದ ಕಡೆ ಎರಡಕ್ಕೆ ಹಾಕಬೇಕು. ತೂಕ ಬೇರೆ. ಕಾಫಿ ಮೂಟೆ ತೂಗೋ ತಕ್ಕಡಿ ಮೇಲೆ ಹಳೇ ಸ್ಟೆಪ್ನಿ ಒಂದು, ಹೊಸ ಚಕ್ರ ಒಂದು ಇಟ್ಟು ನೋಡಿದ್ರೆ ಒಂದೊಂದಕ್ಕೆ ಐದೂವರೆ ಕೆಜಿ ಜಾಸ್ತಿ. ಬ್ರೇಕ್ ಒತ್ತಿದ್ರೆ ಗಾಡಿ ಸ್ವಲ್ಪ ಯೋಚ್ನೆ ಮಾಡಿ ನಿಲ್ತಿತ್ತು.

ಮೀಟರ್ ವಿಷ್ಯ ಮಾತ್ರ ತಮಾಷೆ. ಮೊದ್ಲು ಮೀಟರ್ 80 ತೋರಿಸ್ವಾಗ ಜಿಪಿಎಸ್ 76 ಹೇಳ್ತಿತ್ತು, ಈ ಟೈರಲ್ಲಿ ಎರಡೂ 80! ಆದ್ರೆ ಕಿಲೋಮೀಟ್ರು ಕಮ್ಮಿ ಎಣಿಸುತ್ತೆ, ಅದನ್ನ ಲೆಕ್ಕಕ್ಕೆ ತಗೊಳ್ದೆ ಮೈಲೇಜ್ ಬಿತ್ತು ಅಂತ ಅಳಬೇಡಿ. ಸರಿ ಮಾಡಿ ನೋಡಿದ್ಮೇಲೂ ನಂದು 14 ಇದ್ದಿದ್ದು 12ರ ಕೆಳಗೆ ಬಂತು.

ಅಂತೂ ಎರಡು ತಿಂಗಳು ಹಟ ಮಾಡಿ, ಬೆಂಗ್ಳೂರಿಗೆ ವಾಪಸ್ ಹೋಗೋ ದಾರೀಲಿ ಹಾಸನದ ಈ ಅಂಗಡಿ ಮುಂದೆ ನಿಲ್ಲಿಸ್ದೆ. ಚಿಕ್ಕ ಅಂಗಡಿ, ಎರಡು ಗಾಡಿ ನಿಂತ್ರೆ ಮೂರನೇದು ರೋಡಲ್ಲೇ ನಿಲ್ಲಬೇಕು, ಕೂರೋಕೆ ಒಂದು ಬೆಂಚು. ಯಜಮಾನ್ರು ಟೈರ್ ಕಡೆ ನೋಡ್ಲೇ ಇಲ್ಲ, ಹುಡುಗನಿಗೆ ಸ್ಟೀರಿಂಗ್ ಪೂರ್ತಿ ಎಡಕ್ಕೆ ತಿರುಗಿಸು ಅಂದು ಟಾರ್ಚ್ ಹಿಡ್ಕೊಂಡು ಕೆಳಗೆ ತೂರಿದ್ರು. "ಬನ್ನಿ ಸಾರ್, ನೀವೂ ನೋಡಿ" ಅಂದ್ರು. ಮುಂದಿನ ಆಕ್ಸಲ್ಲಿಂದ ಚಾಸಿಗೆ ಹೋಗೋ ಆರ್ಮ್ ಮೇಲೆ ಅಂಗೈ ಅಗಲ ಜಾಗದಲ್ಲಿ ಕಪ್ಪು ಬಣ್ಣ ಪೂರ್ತಿ ಹೋಗಿ ಕಬ್ಬಿಣ ಬೆಳ್ಳಗೆ ಮಿಂಚ್ತಿತ್ತು, ಅದಕ್ಕೆ ಸರಿಯಾಗಿ ಟೈರಿನ ಒಳ ಪಕ್ಕದಲ್ಲಿ ಸುತ್ತಲೂ ಒಂದು ಗೀರು, ಬೆರಳಿಟ್ರೆ ಉಗುರು ಸಿಕ್ಕಿಹಾಕ್ಕೊಳ್ಳೋ ಅಷ್ಟು. ಇನ್ನೊಂದು ಮಳೆಗಾಲ ಓಡಿಸಿದ್ರೆ ಘಾಟೀಲಿ ಎಲ್ಲಾದ್ರೂ ಸೈಡ್‌ವಾಲ್ ಒಡೀತಿತ್ತು ಅಂದ್ರು. ರಿಮ್ ಅಗಲ ಬೇರೆ ಐದೂವರೆ ಇಂಚು, 235ಕ್ಕೆ ಕನಿಷ್ಠ ಆರು ಬೇಕು, ಅದಕ್ಕೇ ಟೈರು ಮಧ್ಯ ಉಬ್ಬಿ ನಿಂತಿದೆ, ಅಂಚು ಸವೀತಿಲ್ಲ ಮಧ್ಯ ಸವೀತಿದೆ ಅಂತ ಕೈಯಿಟ್ಟು ತೋರ್ಸಿದ್ರು.

"ಈಗ ಗಾಡಿ ಎತ್ತಬೇಕಾ, ಟೈರ್ ಇಳಿಸಬೇಕಾ, ನೀವೇ ಹೇಳಿ." ಎತ್ತೋದಾದ್ರೆ ಸ್ಪ್ರಿಂಗು, ಶಾಕು, ಬೇರೆ ರಿಮ್ಮು, ಸ್ಟೀರಿಂಗ್ ಎಷ್ಟು ತಿರುಗಬೇಕು ಅಂತ ತಡೆಯೋ ಸ್ಟಾಪರ್ ಅಡ್ಜಸ್ಟ್ಮೆಂಟು, ಅದು ಮಾಡಿದ್ರೆ ಟರ್ನಿಂಗು ದೊಡ್ಡದಾಗುತ್ತೆ. ಜೊತೆಗೆ ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಅಂತ ಒಂದಿದೆ ಸಾರ್, ಗಾಡೀಲಿ ಕಂಪ್ನಿ ಸ್ಪೆಸಿಫಿಕೇಶನ್ ಬದಲಾಯಿಸಬಾರ್ದು ಅಂತ, ಬದಲಾಯಿಸಿ ಆಮೇಲೆ ಇನ್ಶೂರೆನ್ಸ್ ಕ್ಲೇಮ್ ಬಂದಾಗ ತಕರಾರು ಬೇಡ ಅಂದ್ರು. ಟೈರ್ ಮಾರೋರ ಬಾಯಲ್ಲಿ ಈ ಮಾತು ನಾನು ಕೇಳಿದ್ದು ಅದೇ ಮೊದ್ಲು.

ಕೊನೆಗೆ ಹಾಕ್ಸಿದ್ದು 215/75 ಆರ್15 ಆಲ್ ಟೆರೇನ್, ಐದು. ಹೌದು, ಸ್ಟೆಪ್ನೀನೂ ಸೇರಿ. ಫೋರ್‌ವೀಲ್ ಡ್ರೈವ್ ಹಾಕಿದಾಗ ಹಿಂದೆ ಮುಂದೆ ಚಕ್ರದ ಅಳತೆ ಬೇರೆ ಬೇರೆ ಇದ್ರೆ ಗಟ್ಟಿ ರೋಡಲ್ಲಿ ಟ್ರಾನ್ಸ್‌ಫರ್ ಕೇಸು (ಹಿಂದೆ ಮುಂದೆ ಆಕ್ಸಲ್ಲಿಗೆ ಶಕ್ತಿ ಹಂಚೋ ಡಬ್ಬಿ) ಬಿಗಿಯಾಗಿ ಒದ್ದಾಡುತ್ತೆ, ಹಳೇ ಸ್ಟೆಪ್ನಿ ಇಟ್ಕೊಂಡು ಅಷ್ಟು ದಿನ ತಿರುಗಿದ್ದು ನನ್ನ ಅದೃಷ್ಟ. ಒಂದೊಂದಕ್ಕೆ ಹತ್ತು ಸಾವಿರದ ಹತ್ತಿರ ಆಯ್ತು, ಫಿಟ್ಟಿಂಗ್, ಬ್ಯಾಲೆನ್ಸಿಂಗ್, ಹೊಸ ವಾಲ್ವ್ ಅದರಲ್ಲೇ. ವೀಲ್ ನಟ್ಟು ಮೊದ್ಲು ಕೈಯಲ್ಲಿ ತಿರುಗಿಸಿ ಕೂರ್ಸಿ ಆಮೇಲೆ ಟಾರ್ಕ್ ರೆಂಚ್ ಹಾಕಿದ್ರು, ಗನ್ ಹಿಡಿದು ಡರ್ರ್ ಅಂತ ಬಿಗಿದು ಕಳ್ಸೋ ಕೆಲ್ಸ ಇಲ್ಲ. ನೂರು ಕಿಲೋಮೀಟ್ರು ಆದ್ಮೇಲೆ ಇನ್ನೊಂದ್ಸಲ ಬಿಗಿಸ್ಕೊಳ್ಳಿ ಅಂದ್ರು. ಕಂಪ್ಲೇಂಟ್ ಇಲ್ವಾ ಅಂದ್ರೆ ಇದೆ, ಎರಡೂವರೆ ಗಂಟೆ ಕಾಯಿಸಿದ್ರು, ಬಿಲ್ ಕೊಡೋಕೆ ಇನ್ನೂ ಅರ್ಧ ಗಂಟೆ, ಕಾರ್ಡ್ ಮಷೀನ್ ಯಾವಾಗ್ಲೂ ಕೆಟ್ಟಿರುತ್ತಂತೆ, ಗೂಗಲ್ ಪೇ ಮಾಡ್ದೆ.

ಟೈರ್ ಹೆಂಗಿದೆ ಅಂದ್ರೆ, ಮಳೆಗಾಲ ಪೂರ್ತಿ ಒಂದ್ಸಲಾನೂ ಸಿಕ್ಕಿಹಾಕ್ಕೊಂಡಿಲ್ಲ. ಟಾರ್ ರೋಡ್ ಮುಗಿಯೋ ಕಡೆ ನಿಲ್ಲಿಸಿ ಗಾಳಿ 18 ಪಿಎಸ್ಐಗೆ ಇಳಿಸ್ತೀನಿ, ಫೋರ್ ಲೋ (ನಿಧಾನಕ್ಕೆ ಜಾಸ್ತಿ ಎಳೆಯೋ ನಾಲ್ಕು ಚಕ್ರದ ಗೇರು) ಹಾಕಿ ಕ್ಲಚ್ ಬಿಟ್ರೆ ಸಾಕು, ಟೈರು ನೆಲಕ್ಕೆ ಉದ್ದಕ್ಕೆ ಅಂಟ್ಕೊಂಡು ಹತ್ತುತ್ತೆ. ವಾಪಸ್ ಬರುವಾಗ ತುಂಬಿಸೋಕೆ ಚಿಕ್ಕ ಕಂಪ್ರೆಸರ್ ಇಟ್ಕೊಳ್ಳಿ, ಇಲ್ದೆ ಇಳಿಸ್ಬೇಡಿ. ಹೈವೇಲಿ 90 ದಾಟಿದ್ರೆ ಒಂದು ಸಣ್ಣ ಗುಂಯ್ ಅನ್ನೋ ಸದ್ದು ಇದೆ, ಹಾಡು ಹಾಕಿದ್ರೆ ಕೇಳಲ್ಲ. ಮೈಲೇಜು 13ರ ಮೇಲಿದೆ. ಎಲ್ಲೂ ತಾಗಲ್ಲ.

ಆದ್ರೆ 215 ಅಂದ್ರೆ ಕಂಪ್ನಿ ಟೈರಿಗಿಂತ ಬರೀ 10 ಮಿಲಿಮೀಟ್ರು ದೊಡ್ಡದು, ಡಿಫರೆನ್ಷಿಯಲ್ ಎದ್ದಿದ್ದು ಐದು. ಮೊದಲನೇ ಶನಿವಾರಾನೇ ಕೊನೇ ತಿರುವಲ್ಲಿ ಮತ್ತೆ ಟಣ್. ಮಾರನೇ ದಿನ ಬೆಳಿಗ್ಗೆ ಅಪ್ಪ ಏನೂ ಮಾತಾಡ್ದೆ ತೋಟದಾಳು ಒಬ್ರನ್ನ ಕರ್ಕೊಂಡು ಹಾರೆ ತಗೊಂಡು ಹೋದ್ರು, ಕಾಫಿ ಕುಡ್ದು ನಾನು ಅಲ್ಲಿಗೆ ಹೋಗೋಷ್ಟರಲ್ಲಿ ಕಲ್ಲು ಬೇಲಿ ಪಕ್ಕ ಉರುಳಿತ್ತು.

ಆ 235 ಟೈರು ಮನೇಲೇ ಇವೆ, ಗೋಡೌನಲ್ಲಿ. ಎರಡಕ್ಕೆ ಗೀರು ಬಿದ್ದಿದೆ ಅದನ್ನ ಯಾರಿಗೂ ಕೊಡಲ್ಲ, ಹಿಂದಿನ ಎರಡು ಚೆನ್ನಾಗಿವೆ, ಲಿಫ್ಟ್ ಮಾಡ್ಸಿ ಆರಿಂಚು ರಿಮ್ ಹಾಕಿರೋರಿಗೆ ಬೇಕಿದ್ರೆ ಹೇಳಿ, ಅರ್ಧ ರೇಟು. ಒಂದ್ರಲ್ಲಿ ನಮ್ಮ ನಾಯಿ ಮಲಗುತ್ತೆ, ಅದನ್ನ ಎಬ್ಬಿಸಿ ಕೊಡ್ತೀನಿ.